ಟೇಬಲ್ ಕೆಳಗೆ ಮಲಗಿ ನೋಡಿದ ಪ್ರದರ್ಶನ

ನಮ್ಮ ಊಟದ ಟೇಬಲ್ ಸೀಳಿದಾಗ ಅದರ ಹತ್ತಿರ ಯಾರೂ ಇರಲಿಲ್ಲ. ಒಣ ಬೇಸಿಗೆ, ಮಧ್ಯಾಹ್ನ ಮೂರು ಗಂಟೆ ಹೊತ್ತು. ಒಳಗಿನ ಕೋಣೆಯಲ್ಲಿದ್ದ ನನಗೆ ಪಟಾರ್ ಅಂತ ಸದ್ದು ಕೇಳಿಸಿತು. ಗಾಜಿನ ಲೋಟ ಬಿತ್ತು ಅಂದುಕೊಂಡು ಓಡಿ ಬಂದೆ. ಲೋಟ ಇದ್ದಲ್ಲೇ ಇತ್ತು. ಹಲಗೆಯ ಒಂದು ತುದಿಯಿಂದ ಒಳಕ್ಕೆ ಮೊಳದುದ್ದ ಬಿರುಕು ಬಿಟ್ಟಿತ್ತು.

ಕೈಯಲ್ಲೇ ಮಾಡಿದ ಟೇಬಲ್ ಅದು. ಪ್ಲೈವುಡ್ ಅಲ್ಲ, ಲ್ಯಾಮಿನೇಟ್ ಅಲ್ಲ, ಪೂರ್ತಿ ಮರ. ಎರಡು ವರ್ಷದ ಹಿಂದೆ ಒಂದು ಪ್ರದರ್ಶನದಲ್ಲಿ ಇಷ್ಟಪಟ್ಟು ತಂದಿದ್ದೆ. ಮಾರಿದವರಿಗೆ ಫೋನ್ ಮಾಡಿದರೆ, “ಮರ ಅಂದ್ಮೇಲೆ ಬಿರುಕು ಬಿಡತ್ತೆ ಮೇಡಂ, ಅದು ಜೀವಂತ ವಸ್ತು” ಅಂದರು. ಜೀವಂತ ಅಂತ ಗೊತ್ತಿದ್ದೂ ಅದನ್ನ ಯಾಕೆ ಕೈಕಾಲು ಕಟ್ಟಿ ಹಾಕಿದ್ರಿ ಅಂತ ಕೇಳಬೇಕಿತ್ತು. ಆಗ ನನಗೆ ಅಷ್ಟು ಗೊತ್ತಿರಲಿಲ್ಲ.

ಹಾಗಾಗಿ ಕೈಕೆಲಸದ ಪೀಠೋಪಕರಣ ಮತ್ತು ಕರಕುಶಲ ವಸ್ತುಗಳ ಪ್ರದರ್ಶನ ಮತ್ತೆ ಬಂದಾಗ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಹೋದೆ. ಟೇಬಲ್ ಮಾಡುವ ಪ್ರತಿಯೊಬ್ಬರಿಗೂ ಅದನ್ನೇ ಕೇಳುವುದು: “ಮೇಲಿನ ಹಲಗೇನ ಕೆಳಗಿನ ಚೌಕಟ್ಟಿಗೆ ಹೇಗೆ ಕೂರಿಸಿದ್ದೀರಿ?” ಜೊತೆಗೆ ಹನ್ನೊಂದು ವರ್ಷದ ಮಗ, ಅವನ ಕೈಯಲ್ಲಿ ಟಾರ್ಚ್. ಶನಿವಾರ ಅರ್ಧ ದಿನ, ಭಾನುವಾರ ಪೂರ್ತಿ ದಿನ ಅಲ್ಲೇ ಇದ್ದೆವು. ಪ್ರದರ್ಶನ ಹೇಗಿತ್ತು ಅಂತ ತುಂಬ ಜನ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬಾಗಿಲು ದಾಟಿದ ತಕ್ಷಣ ವಾಸನೆ ಚೆನ್ನಾಗಿತ್ತು. ಜೇನುಮೇಣ, ಅಗಸೆ ಎಣ್ಣೆ, ಆಗಷ್ಟೇ ಹೆರೆದ ಮರ. ಆದರೆ ಎದುರಿಗೆ ಕಂಡ ಮೊದಲ ಕುರ್ಚಿಗೇ ಹಗ್ಗ ಕಟ್ಟಿದ್ದರು. ಒಂದು ಕೈಯಿಂದ ಇನ್ನೊಂದು ಕೈಗೆ ಅಡ್ಡಲಾಗಿ ಕೆಂಪು ಹಗ್ಗ, ನಡುವೆ ‘ಕುಳಿತುಕೊಳ್ಳಬೇಡಿ’ ಅಂತ ಚೀಟಿ. ಕುರ್ಚಿಯಲ್ಲಿ ಕೂರದೆ ಇನ್ನೇನು ಮಾಡೋದು? ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮುಂದೆ ಹೋದೆ.

ಮೊದಲು ಸಿಕ್ಕಿದ್ದು ದೊಡ್ಡ ಹಲಗೆಯ ಟೇಬಲ್. ಮರದ ತೊಗಟೆಯ ಅಂಚನ್ನು ಹಾಗೇ ಉಳಿಸಿ, ನಡುವೆ ನೀಲಿ ರೆಸಿನ್ ಸುರಿದು ನದಿ ಹರಿಯುವ ಹಾಗೆ ಮಾಡುತ್ತಾರಲ್ಲ, ಆ ಥರದ್ದು. ಮಾಡಿದವನು ಇಪ್ಪತ್ತೈದರ ಆಸುಪಾಸಿನ ಹುಡುಗ, ಉತ್ಸಾಹಿ. ನನ್ನ ಪ್ರಶ್ನೆಗೆ ತಟ್ಟನೆ ಉತ್ತರ ಕೊಟ್ಟ: “ಸ್ಕ್ರೂ ಮೇಡಂ. ಹದಿನಾರು. ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ.” ಅಲ್ಲಾಡದೇ ಇರೋದೇ ನನ್ನ ತಕರಾರು ಅಂದೆ. ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗ ಬಿಡಿಸಿ ಹೇಳಲು ಬರಲಿಲ್ಲ.

ಎರಡನೆಯ ಟೇಬಲ್ಲಿನ ಪಕ್ಕ ಇಸ್ತ್ರಿ ಮಾಡಿದ ಶರ್ಟಿನ ಒಬ್ಬರು ನಿಂತಿದ್ದರು. “ಅದು ನಮ್ಮ ಕಾರ್ಪೆಂಟರಿಗೆ ಗೊತ್ತು” ಅಂದರು. ಕಾರ್ಪೆಂಟರ್ ಎಲ್ಲಿ? ವರ್ಕ್‌ಶಾಪಿನಲ್ಲಿ. ಹೆಸರು? ಶರ್ಟಿನವರು ನಕ್ಕು, ಸ್ಟುಡಿಯೋ ಹೆಸರಿದ್ದ ಕಾರ್ಡ್ ಕೊಟ್ಟರು. ಇಂಥ ಮಳಿಗೆಗಳು ನಾಲ್ಕೈದು ಇದ್ದವು. ಲಂಡನ್ನಿನಲ್ಲಿ 1888ರಲ್ಲಿ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಎಕ್ಸಿಬಿಷನ್ ಸೊಸೈಟಿಯವರು ಮೊದಲ ಪ್ರದರ್ಶನ ಮಾಡಿದಾಗ, ವಿನ್ಯಾಸ ಮಾಡಿದವರ ಹೆಸರಿನ ಜೊತೆ ಕೈಯಾರೆ ಮಾಡಿದವರ ಹೆಸರನ್ನೂ ಪಟ್ಟಿಯಲ್ಲಿ ಹಾಕಬೇಕು ಅಂತ ಹಠ ಹಿಡಿದಿದ್ದರು. ಕೈಕೆಲಸಕ್ಕೆ ಮರ್ಯಾದೆ ಕೊಡಿಸಲು ಹೊರಟ ಚಳವಳಿಗೆ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಅನ್ನುವ ಹೆಸರು ಬಂದಿದ್ದೇ ಆ ಸೊಸೈಟಿಯಿಂದ. ಹೆಸರು ಬಂತು, ಹಠ ಬರಲಿಲ್ಲ. ಇಲ್ಲಿನ ಚೀಟಿಗಳಲ್ಲಿ ಮರದ ಹೆಸರಿತ್ತು, ಪಾಲಿಶ್ ಹೆಸರಿತ್ತು, ಸ್ಟುಡಿಯೋ ಹೆಸರು ದೊಡ್ಡದಾಗಿತ್ತು. ಉಳಿ ಹಿಡಿದವರು ಯಾರು ಅಂತ ಬರೆದಿದ್ದು ಬೆರಳೆಣಿಕೆಯ ಕಡೆ ಮಾತ್ರ.

ಮೂರನೆಯ ಟೇಬಲ್ ನೋಡೋಕೆ ಏನೂ ಇರಲಿಲ್ಲ. ನಾಲ್ಕು ನೇರ ಕಾಲು, ಮೇಲೊಂದು ಹಲಗೆ, ತೇಗ. ಪಕ್ಕದಲ್ಲಿ ಎತ್ತರದ ಸ್ಟೂಲ್ ಮೇಲೆ ಅರವತ್ತು ದಾಟಿದ ಒಬ್ಬರು ಕೂತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಪುಟ್ಟ ತುಂಡೊಂದನ್ನು ಹೆರೆಯುತ್ತಿದ್ದರು. ಪ್ರಶ್ನೆ ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಸ್ಟೂಲಿನಿಂದ ಇಳಿದು, ಸಾಮಾನು ಸುತ್ತುವ ದಪ್ಪ ಕಂಬಳಿಯೊಂದನ್ನು ಟೇಬಲ್ ಕೆಳಗೆ ಹಾಸಿದರು. “ಮಲಗಿ ನೋಡಿ” ಅಂದರು.

ನಾನು ಮಲಗಿದೆ. ಸೀರೆ ಉಟ್ಟಿರಲಿಲ್ಲ, ಬದುಕಿಕೊಂಡೆ. ಮಗನೂ ಪಕ್ಕದಲ್ಲಿ ಬಿದ್ದುಕೊಂಡು ಟಾರ್ಚ್ ಹಾಕಿದ.

ಟೇಬಲ್ಲಿನ ಅಡಿ ಅಂದರೆ ಒರಟು ಮರ, ಅಂಟಿನ ಕಲೆ, ಹೆಚ್ಚೆಂದರೆ ಜೇಡರ ಬಲೆ ಅಂತ ನಾನು ತಿಳಿದಿದ್ದೆ. ಇಲ್ಲಿ ಹಾಗಿರಲಿಲ್ಲ. ಹಲಗೆಯ ತಳವನ್ನೂ ಹತ್ತರಿ ಹಿಡಿದು ಹೆರೆದಿದ್ದರು. ಬೆರಳಾಡಿಸಿದರೆ ಕೆರೆಯ ನೀರಿನ ಸಣ್ಣ ಅಲೆಯ ಹಾಗೆ ಏರಿಳಿತ, ಕಣ್ಣಿಗೆ ಕಾಣುವುದಕ್ಕಿಂತ ಬೆರಳಿಗೆ ಜಾಸ್ತಿ ಗೊತ್ತಾಗುತ್ತದೆ. ಯಂತ್ರದಲ್ಲಿ ಉಜ್ಜಿದರೆ ಈ ಏರಿಳಿತ ಉಳಿಯುವುದಿಲ್ಲ. ಮೂಲೆಯಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಒಂದು ತ್ರಿಕೋನ, ಎರಡು ಗೀಟು, ಯಾವ ಕಾಲು ಯಾವ ಮೂಲೆಗೆ ಅನ್ನುವ ಲೆಕ್ಕ. ಅಳಿಸಿರಲಿಲ್ಲ.

ಚೌಕಟ್ಟಿನ ಒಳಗೋಡೆಯ ಉದ್ದಕ್ಕೂ ಒಂದು ತೋಡು ಕೊರೆದಿತ್ತು. ಗೇಣಿಗೊಂದರಂತೆ ಅದರೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಮರದ ತುಂಡುಗಳು ನಾಲಿಗೆ ತೂರಿಸಿಕೊಂಡು ಕೂತಿದ್ದವು. ಆ ತುಂಡಿನ ಮೈಯಲ್ಲಿ ಒಂದು ಸ್ಕ್ರೂ, ಅದು ಹಲಗೆಗೆ. ನಾಲಿಗೆ ಮಾತ್ರ ಚೌಕಟ್ಟಿಗೆ. ಇದನ್ನು ಬಟನ್ ಅಂತ ಕರೆಯುತ್ತಾರಂತೆ. ಅವರೂ ಬಗ್ಗಿ ಕೈ ಚಾಚಿ ತೋರಿಸಿದರು. ನಾಲಿಗೆಯ ತುದಿಗೂ ತೋಡಿನ ತಳಕ್ಕೂ ನಡುವೆ ನನ್ನ ಕಿರುಬೆರಳಿನ ಉಗುರು ಹಿಡಿಯುವಷ್ಟು ಜಾಗ. “ಮಳೆಗಾಲದಲ್ಲಿ ಹಲಗೆ ಈ ಕಡೆ ಬರತ್ತೆ, ಬೇಸಿಗೇಲಿ ಆ ಕಡೆ ಹೋಗತ್ತೆ. ಬಂದು ಹೋಗೋಕೆ ದಾರಿ ಬಿಟ್ಟಿದೀನಿ, ಅಷ್ಟೆ.”

ವಿಷಯ ಇಷ್ಟೇ. ಮರ ಗಾಳಿಯ ತೇವ ಹೀರಿಕೊಂಡು ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಕಡಿದು ನೂರು ವರ್ಷವಾದರೂ ಈ ಚಾಳಿ ಬಿಡುವುದಿಲ್ಲ. ಆದರೆ ಎಲ್ಲ ಕಡೆಗೂ ಒಂದೇ ಸಮ ಹಿಗ್ಗುವುದಿಲ್ಲ. ಮರದ ನಾರಿನ ಎಳೆಯ ಉದ್ದಕ್ಕೆ ಬದಲಾವಣೆ ಲೆಕ್ಕಕ್ಕಿಲ್ಲದಷ್ಟು, ಅಡ್ಡಕ್ಕೆ ಮಾತ್ರ ಜಾಸ್ತಿ. ಮೂರಡಿ ಅಗಲದ ಹಲಗೆ ವರ್ಷದೊಳಗೆ ಕೆಲವು ಮಿಲಿಮೀಟರ್ ಆಚೀಚೆ ಆಗಿಯೇ ಆಗುತ್ತದೆ. ಅದರಲ್ಲೂ ದಿಮ್ಮಿಯಿಂದ ಹೇಗೆ ಕೊಯ್ದರು ಅನ್ನುವುದರ ಮೇಲೆ ಲೆಕ್ಕ ಬೇರೆ. ವರ್ಷಕ್ಕೊಂದರಂತೆ ಮರದಲ್ಲಿ ಮೂಡುವ ಬಳೆಗಳ ಗುಂಟ ಮರ ಎಷ್ಟು ಸರಿದಾಡುತ್ತದೋ, ಬಳೆಗಳಿಗೆ ಅಡ್ಡವಾಗಿ ಹೆಚ್ಚುಕಡಿಮೆ ಅದರ ಅರ್ಧ. ಹಾಗಾಗಿ ತಿರುಳಿನಿಂದ ತೊಗಟೆಯ ಕಡೆಗೆ ನೇರ ಕೊಯ್ದ ಹಲಗೆ ನೆಟ್ಟಗಿರುತ್ತದೆ, ಸುಮ್ನೆ ಪದರ ಪದರವಾಗಿ ಕೊಯ್ದದ್ದು ಬಟ್ಟಲಿನ ಹಾಗೆ ಬಾಗುತ್ತದೆ.

ನಮ್ಮ ಮನೆಯ ಟೇಬಲ್ಲಿಗೆ ಅಡಿಯಲ್ಲಿ ಎರಡು ಅಡ್ಡಪಟ್ಟಿ ಇವೆ, ಹಲಗೆಯ ಎಳೆಗೆ ಅಡ್ಡವಾಗಿ. ಅವನ್ನು ಹಲಗೆಗೆ ಬಿಗಿಯಾಗಿ ಸ್ಕ್ರೂ ಹೊಡೆದಿದ್ದಾರೆ. ಪಟ್ಟಿ ಕುಗ್ಗಲ್ಲ, ಹಲಗೆ ಕುಗ್ಗುತ್ತದೆ. ಇಬ್ಬರೂ ಜಗಳಕ್ಕೆ ನಿಂತರು, ಹಲಗೆ ಸೋತಿತು. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಅವರು ದೊಡ್ಡದು ಮಾಡಿ ನೋಡಿ, ಬಾಯಿಂದ ‘ಚ್’ ಅಂದರು. ಮಾಡಿದವರು ಯಾರು ಅಂತ ಕೇಳಲಿಲ್ಲ. ನನಗೆ ಅದು ಹಿಡಿಸಿತು.

“ಬಿರುಕಿಗೆ ಈಗ ಏನೂ ತುಂಬಬೇಡಿ. ಒಣ ಕಾಲದಲ್ಲಿ ಗಟ್ಟಿಯಾದ್ದೇನಾದ್ರೂ ತುಂಬಿದ್ರೆ ಮಳೆಗಾಲದಲ್ಲಿ ಮರ ಹಿಗ್ಗೋಕೆ ಜಾಗ ಇರಲ್ಲ. ಮೊದಲು ಬಿಡುಗಡೆ ಮಾಡಿ” ಅಂದರು. ನಡುವಿನ ಸ್ಕ್ರೂ ಹಾಗೇ ಇರಲಿ. ಎರಡೂ ಅಂಚಿನ ಕಡೆ ಇರುವ ಸ್ಕ್ರೂ ಬಿಚ್ಚಿ, ಪಟ್ಟಿಯಲ್ಲಿರುವ ದುಂಡು ತೂತನ್ನು ಪಟ್ಟಿಯ ಉದ್ದಕ್ಕೆ ಉದ್ದ ಮಾಡಿ, ವಾಷರ್ ಕೊಟ್ಟು ಮತ್ತೆ ಹಾಕಿ, ಆದರೆ ಪೂರ್ತಿ ಬಿಗಿ ಬೇಡ. ತಮ್ಮ ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಚಿತ್ರ ಬರೆದುಕೊಟ್ಟರು. ಬಿರುಕು ಮುಂದಕ್ಕೆ ಓಡುತ್ತಿದ್ದರೆ ಆಮೇಲೆ ಚಿಟ್ಟೆ ಹಾಕೋಣ ಅಂದರು. ಚಿಟ್ಟೆ ಅಂದರೆ ಎರಡು ರೆಕ್ಕೆ ಬಿಚ್ಚಿದ ಆಕಾರದ ಗಟ್ಟಿ ಮರದ ತುಂಡು, ಬಿರುಕಿಗೆ ಅಡ್ಡಲಾಗಿ ಕೊರೆದು ಕೂರಿಸುವುದು. ಅಮೆರಿಕದ ಹೆಸರಾಂತ ಮರಗೆಲಸಗಾರ ಜಾರ್ಜ್ ನಾಕಾಶಿಮಾ ಅವರ ಟೇಬಲ್ಲುಗಳಿಂದ ಅದು ಜಗತ್ತಿಗೆಲ್ಲ ಪರಿಚಯವಾಯಿತು. ಅವರು ಬಿರುಕನ್ನು ಮುಚ್ಚಿಡುತ್ತಿರಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ಚಿಟ್ಟೆ ಕೂರಿಸಿ ಬಿಡುತ್ತಿದ್ದರು. ಅಂದ ಹಾಗೆ ನಾಕಾಶಿಮಾ ಮೊದಲು ಆರ್ಕಿಟೆಕ್ಟ್ ಆಗಿದ್ದವರು. 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಗೋಲ್ಕೊಂಡ ವಸತಿಗೃಹ ಕಟ್ಟುವ ಕೆಲಸ ನೋಡಿಕೊಂಡಿದ್ದವರು ಅವರೇ.

ಇಲ್ಲಿಗೇ ಒಂದು ಗಂಟೆ ಆಗಿತ್ತು. ಮೇಲೆ ಎದ್ದಾಗ ನಮ್ಮ ಹಿಂದೆ ಮೂರು ಜನ ಕಂಬಳಿಗಾಗಿ ಕಾಯುತ್ತಿದ್ದರು.

ಮಗನಿಗೆ ಟೇಬಲ್ ಸಾಕಾಗಿತ್ತು. ಅವನು ಕಂಡುಕೊಂಡದ್ದು ಡ್ರಾಯರ್. ಎಲ್ಲ ಮಳಿಗೆಯಲ್ಲೂ ಎಲ್ಲ ಡ್ರಾಯರುಗಳನ್ನೂ ಎಳೆದು ದೂಡುವುದು ಅವನ ಕೆಲಸವಾಯಿತು. ನಾನು ಬೈಯಲು ಹೋದಾಗ ಮಳಿಗೆಯ ಹೆಂಗಸೊಬ್ಬರು, “ಎಳೀಲಿ ಬಿಡಿ, ಅದಕ್ಕೇ ಇಟ್ಟಿರೋದು” ಅಂದರು. ಆರು ಡ್ರಾಯರಿನ ಸಣ್ಣ ಬೀರು ಅದು, ಎತ್ತರ ಅವನ ಎದೆಮಟ್ಟ. ಅವನು ಮೇಲಿನದ್ದನ್ನು ದೂಡಿದ. ಅದು ಒಳಹೋಗುತ್ತಿದ್ದಂತೆ ಅದರ ಕೆಳಗಿನದ್ದು ತಾನಾಗಿಯೇ ಎರಡು ಬೆರಳಗಲ ಹೊರಗೆ ಬಂತು. ಅವನು ಬೆಚ್ಚಿ ನನ್ನ ಮುಖ ನೋಡಿದ. ಕೆಳಗಿನದ್ದನ್ನು ದೂಡಿದ, ಮೇಲಿನದ್ದು ನಿಧಾನಕ್ಕೆ ಹೊರಗೆ ಬಂತು. ಹತ್ತು ನಿಮಿಷ ಅದೇ ಆಟ.

ಒಳಗೆ ಸ್ಪ್ರಿಂಗೂ ಇಲ್ಲ, ಚಾನೆಲ್ಲೂ ಇಲ್ಲ. ಡ್ರಾಯರ್ ತನ್ನ ಗೂಡಿಗೆ ಅಷ್ಟು ಹದವಾಗಿ ಕೂತಿದೆ, ಒಳಗಿನ ಗಾಳಿಗೆ ಹೊರಹೋಗಲು ಸಂದು ಸಿಗುವುದಿಲ್ಲ. ಬೀರುವಿನ ಬೆನ್ನಿನ ಕಡೆಯಿಂದ ಆ ಗಾಳಿ ಪಕ್ಕದ ಗೂಡಿಗೆ ನುಗ್ಗಿ ಅಲ್ಲಿನ ಡ್ರಾಯರನ್ನು ತಳ್ಳುತ್ತದೆ. ಸೈಕಲ್ ಪಂಪಿನ ಲೆಕ್ಕ. ಇಂಥ ಹದ ಸಿಗಬೇಕಾದರೆ ಕಾಗದದಷ್ಟು ತೆಳು ಹೆರೆಯನ್ನು ಒಂದೊಂದಾಗಿ ತೆಗೆಯುತ್ತ, ತೂರಿಸಿ ನೋಡುತ್ತ, ಮತ್ತೆ ತೆಗೆಯುತ್ತ ಹೋಗಬೇಕು. ಒಂದು ಡ್ರಾಯರ್ ಕೂರಿಸಲು ಅವರಿಗೆ ಅರ್ಧ ದಿನ ಹಿಡಿಯಿತಂತೆ. ಮಳೆಗಾಲದಲ್ಲಿ ಬಿಗಿಯಾಗಲ್ವಾ ಅಂದೆ, ಈಗ ನಾನೂ ಪಂಡಿತೆ ಅಲ್ವಾ. ಅವರು ನಕ್ಕರು. ಮಳೆಗಾಲದ ಕೊನೆಯಲ್ಲಿ, ಮರ ಹೊಟ್ಟೆ ತುಂಬ ತೇವ ಕುಡಿದಿರುವಾಗಲೇ ಹದ ಮಾಡಿದ್ದಂತೆ. ಇದಕ್ಕಿಂತ ಜಾಸ್ತಿ ಹಿಗ್ಗಲ್ಲ.

ಡ್ರಾಯರಿನ ಮೂಲೆ ನೋಡಿದೆ. ಡವ್‌ಟೇಲ್, ಅಂದರೆ ಪಾರಿವಾಳದ ಬಾಲದ ಹಾಗೆ ತುದಿ ಅಗಲವಾಗುವ ಹಲ್ಲುಗಳು, ಒಂದರೊಳಗೊಂದು ಹೆಣೆದುಕೊಂಡು. ಮುಂದಕ್ಕೆ ಎಷ್ಟೇ ಎಳೆದರೂ ಬಿಟ್ಟುಕೊಳ್ಳುವ ಜಾತಿಯಲ್ಲ. ಎರಡು ಬಾಲಗಳ ನಡುವಿನ ಪಿನ್ ಕತ್ತಿನಲ್ಲಿ ಗರಗಸದ ಅಲಗಿನಷ್ಟೇ ಸಣ್ಣ. ಮರ ಕೊರೆಯುವ ರೂಟರ್ ಯಂತ್ರದ ತಿರುಗುವ ಬಿಟ್ ಅಷ್ಟು ಕಿರಿದಾದ ಜಾಗಕ್ಕೆ ಇಳಿಯುವುದಿಲ್ಲ, ಹಾಗಾಗಿ ಇದು ಕೈಕೆಲಸ ಅಂತ ಗೊತ್ತಾಗುತ್ತದೆ. ಹಲ್ಲಿನ ಬುಡದಲ್ಲಿ ಗುರುತು ಹಾಕಿದ ಸಣ್ಣ ಗೀರು ಹಾಗೇ ಇತ್ತು.

ಈ ಕಣ್ಣು ಬಂದಮೇಲೆ ಒಂದು ಕಷ್ಟವೂ ಆಯಿತು. ಮುಖ್ಯ ಸಾಲಿನ ನಡುವೆ ದೊಡ್ಡ ಕೆತ್ತನೆಯ ಬಾಗಿಲೊಂದನ್ನು ನಿಲ್ಲಿಸಿದ್ದರು. ಬಳ್ಳಿ, ಹೂ, ನವಿಲು. ‘ಸಂಪೂರ್ಣ ಕೈಕೆತ್ತನೆ’ ಅಂತ ಫಲಕ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ಹೂವಿನ ಎಸಳಿನ ನಡುವೆ ಬೆರಳಿಟ್ಟೆ. ಒಳಮೂಲೆಗಳೆಲ್ಲ ದುಂಡಗೆ. ಉಳಿಯಲ್ಲಿ ಕೆತ್ತಿದರೆ ಮೂಲೆ ಚೂಪಾಗಿ ಸೇರುತ್ತದೆ, ತಿರುಗುವ ಬಿಟ್ಟಿಗೆ ಅದು ಸಾಮಾನ್ಯವಾಗಿ ಆಗದು. ತಗ್ಗಿನ ತಳದಲ್ಲಿ ಉಗುರು ಎಳೆದರೆ ಬಾಚಣಿಗೆಯ ಹಲ್ಲಿನ ಹಾಗೆ ಸಮಸಮ ಗೀರುಗಳು. ಎಡಗಡೆಯ ನವಿಲಿಗೂ ಬಲಗಡೆಯ ನವಿಲಿಗೂ ಒಂದು ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರದ ಕೆಲಸ. ಆಮೇಲೆ ಯಾರೋ ಉಳಿ ಹಿಡಿದು ಅಲ್ಲಲ್ಲಿ ತಿದ್ದಿರಬಹುದು. ಸಿಎನ್‌ಸಿ ಬಗ್ಗೆ ನನಗೆ ಮಡಿ ಇಲ್ಲ. ಸುಳ್ಳು ಫಲಕದ ಬಗ್ಗೆ ಇದೆ. ಆಯೋಜಕರ ಮೇಜಿಗೆ ಹೋಗಿ ಹೇಳಿದೆ. “ನೋಡ್ತೀವಿ ಮೇಡಂ” ಅಂದರು. ಭಾನುವಾರ ಸಂಜೆಯವರೆಗೂ ಫಲಕ ಅಲ್ಲೇ ಇತ್ತು.

ಇನ್ನು ಕುರ್ಚಿಗಳು. ನನ್ನ ಎತ್ತರ ಐದಡಿ ಒಂದಿಂಚು. ಸಾಮಾನ್ಯವಾಗಿ ಕುರ್ಚಿಯ ಕೂರುವ ಮಟ್ಟ ಹದಿನೇಳು, ಹದಿನೆಂಟು ಇಂಚು ಇರುತ್ತದೆ. ಅದರಲ್ಲಿ ಕೂತರೆ ನನ್ನ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಐದು ನಿಮಿಷಕ್ಕೆ ತೊಡೆಯ ಅಡಿ ಜೋಮು. ಹಗ್ಗ ಕಟ್ಟದ ಕುರ್ಚಿ ಹನ್ನೊಂದು ಸಿಕ್ಕವು, ಹನ್ನೊಂದರಲ್ಲೂ ಕೂತೆ. ಒಂಬತ್ತರಲ್ಲಿ ಕಾಲು ತೂಗಾಡಿತು. ಕೈಯಲ್ಲಿ ಮಾಡುವವರು, ಒಬ್ಬೊಬ್ಬರಿಗಾಗಿ ಮಾಡುವವರು, ಆದರೂ ಎಲ್ಲರ ಮನಸ್ಸಿನಲ್ಲಿರುವ ಗಿರಾಕಿ ಮಾತ್ರ ಐದಡಿ ಒಂಬತ್ತಿಂಚಿನ ಗಂಡಸು. ಇದನ್ನು ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಒಬ್ಬರು ಮಾತ್ರ, ನಾನು ಬಾಯಿ ಬಿಡುವ ಮೊದಲೇ, ನನ್ನ ಮಂಡಿಯ ಹಿಂಭಾಗದಿಂದ ನೆಲಕ್ಕೆ ಟೇಪ್ ಹಿಡಿದು ‘ಹದಿನೈದೂವರೆ’ ಅಂದರು.

ಅವರದು ಹಬೆಯಲ್ಲಿ ಬಗ್ಗಿಸಿದ ಮರದ ಕುರ್ಚಿಗಳು. ಉದ್ದನೆಯ ಪೆಟ್ಟಿಗೆಯಲ್ಲಿ ಮರದ ಪಟ್ಟಿ ಇಟ್ಟು ಹಬೆ ಬಿಡುತ್ತಾರೆ. ಒಂದು ಇಂಚು ದಪ್ಪಕ್ಕೆ ಒಂದು ಗಂಟೆ ಅಂತ ಲೆಕ್ಕ. ಹೊರಗೆ ತೆಗೆದ ಮೇಲೆ ಕೈಗೆ ಸಿಗುವುದು ಒಂದು ನಿಮಿಷವೂ ಇಲ್ಲ, ಅಷ್ಟರಲ್ಲಿ ಅಚ್ಚಿಗೆ ಬಗ್ಗಿಸಿ ಬಿಗಿಯಬೇಕು. ದಿನಕ್ಕೆರಡು ಸಲ ಮಾಡಿ ತೋರಿಸುತ್ತಿದ್ದರು. ನಾವು ನೋಡಿದ ಸಲ ಮೊದಲ ಪಟ್ಟಿ ಬಾಗುವಾಗ ಹೊರಮೈಯಲ್ಲಿ ಸಿಬಿರೆದ್ದು ಮುರಿಯಿತು. ಅವರು ಮುಖ ಸಪ್ಪೆ ಮಾಡಲಿಲ್ಲ. ಮುರಿದದ್ದನ್ನು ಜನರ ಕೈಗೆ ಕೊಟ್ಟು, “ನೋಡಿ, ಇಲ್ಲಿ ಎಳೆ ಓರೆಯಾಗಿ ಹೊರಗೆ ಓಡಿದೆ, ಆರಿಸುವಾಗ ನಾನು ಗಮನಿಸಲಿಲ್ಲ” ಅಂದರು. ಎರಡನೆಯದು ಬೆಣ್ಣೆಯ ಹಾಗೆ ಬಾಗಿತು. ಮೈಕೇಲ್ ಥೋನೆಟ್ ಈ ಹಬೆಯ ವಿದ್ಯೆಯನ್ನೇ ಕಾರ್ಖಾನೆಗೆ ಒಯ್ದು 1859ರಲ್ಲಿ ನಂಬರ್ 14 ಕುರ್ಚಿ ಮಾಡಿದ. ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿಟ್ಟರೆ ಮೂವತ್ತಾರು ಕುರ್ಚಿ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ಹಳೆಯ ಕೆಫೆಗಳ ಚಿತ್ರದಲ್ಲಿ ಕಾಣುವ ದುಂಡು ಬೆನ್ನಿನ ಕುರ್ಚಿ, ಅದೇ.

ಪಕ್ಕದ ಮಳಿಗೆಯಲ್ಲಿ ಕೂರುವ ಜಾಗವನ್ನು ಹುರಿಯಿಂದ ನೇಯುತ್ತಿದ್ದರು. ಹುರಿ ಯಾವುದರದ್ದು ಗೊತ್ತಾ? ಕಾಗದದ್ದು. ಕಾಗದ ಹೊಸೆದು ಮಾಡಿದ ಹುರಿ. ಡೆನ್ಮಾರ್ಕಿನ ಹಾನ್ಸ್ ವೆಗ್ನರ್ 1949ರಲ್ಲಿ ವಿನ್ಯಾಸ ಮಾಡಿದ ವಿಶ್‌ಬೋನ್ ಕುರ್ಚಿಗೆ ಇಂಥದ್ದೇ ಹುರಿ, ಒಂದಕ್ಕೆ ಸುಮಾರು 120 ಮೀಟರ್ ಬೇಕು. ನೇಯುತ್ತಿದ್ದ ಹುಡುಗಿ ನನಗೆ ಎರಡು ಸುತ್ತು ಹಾಕಲು ಕೊಟ್ಟಳು. ಎಳೆದು ಹಿಡಿಯುವುದರಲ್ಲೇ ಹೆಬ್ಬೆರಳು ಉರಿಯಿತು. ನಾನು ಹಾಕಿದ ಎರಡು ಸುತ್ತನ್ನು ನಾನು ಆಚೆ ಹೋದಮೇಲೆ ಬಿಚ್ಚಿರುತ್ತಾಳೆ, ಗ್ಯಾರಂಟಿ.

ಪಾಲಿಶ್ ಬಗ್ಗೆಯೂ ಒಂದಿಷ್ಟು ಕಲಿತೆ. ಟೀಕ್ ಆಯಿಲ್ ಅಂತ ಡಬ್ಬಿಯಲ್ಲಿ ಬರುತ್ತಲ್ಲ, ಅದು ತೇಗದಿಂದ ತೆಗೆದದ್ದಲ್ಲ. ಸಾಮಾನ್ಯವಾಗಿ ಅಗಸೆ ಅಥವಾ ಟಂಗ್ ಎಣ್ಣೆಗೆ ವಾರ್ನಿಷ್, ತಿನ್ನರ್ ಬೆರೆಸಿದ್ದು. ಶೆಲ್ಲಾಕ್ ಮಾತ್ರ ಹೆಸರಿಗೆ ತಕ್ಕ ಹಾಗೆ ಅರಗಿನ ಹುಳದ್ದೇ. ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ತೆಳ್ಳಗೆ ಪದರದ ಮೇಲೆ ಪದರ ಉಜ್ಜುತ್ತಾರೆ. ಬಿಸಿ ಪಾತ್ರೆ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಆದರೆ ಹೊಸ ಪದರ ಹಳೆಯದರ ಜೊತೆ ಕರಗಿ ಸೇರಿಕೊಳ್ಳುವುದರಿಂದ ರಿಪೇರಿ ಸುಲಭ. ಅಗಸೆ ಎಣ್ಣೆಯವರು ಒದ್ದೆ ಬಟ್ಟೆಗಳನ್ನು ಮಳಿಗೆಯ ಹಿಂದೆ ಹಗ್ಗದ ಮೇಲೆ ಒಂದೊಂದಾಗಿ ಹರವಿದ್ದರು. ಉಂಡೆ ಮಾಡಿ ಮೂಲೆಗೆಸೆದರೆ ಆ ಎಣ್ಣೆ ಒಣಗುವಾಗ ಹುಟ್ಟುವ ಕಾವಿಗೇ ಬಟ್ಟೆ ಹೊತ್ತಿಕೊಳ್ಳಬಹುದು. ಮನೆಯಲ್ಲಿ ಎಣ್ಣೆ ಹಚ್ಚುವವರು ಇದೊಂದು ನೆನಪಿಟ್ಟುಕೊಳ್ಳಿ.

ಬೀಟೆ ಮರದ ಪೆಟ್ಟಿಗೆಗಳ ಮಳಿಗೆಯೂ ಇತ್ತು. ಬೀಟೆ ಸೇರಿದ ಡಾಲ್ಬರ್ಜಿಯಾ ಕುಲ ಪೂರ್ತಿಯಾಗಿ 2017ರಿಂದ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಯಲ್ಲಿದೆ, ದೇಶ ದಾಟಿಸಲು ಹೆಚ್ಚಿನ ಸಂದರ್ಭದಲ್ಲಿ ಕಾಗದಪತ್ರ ಬೇಕು. ಮರ ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಅವರು ಮುಖ ಗಂಟು ಹಾಕದೆ ಫೈಲ್ ತೆಗೆದು ತೋರಿಸಿದರು. ಹಳೆಯ ಮಂಚ ಬಿಚ್ಚಿದ ಮರ ಅದು.

ಸಣ್ಣ ಕರಕುಶಲ ವಸ್ತುಗಳನ್ನು ಹಿಂದಿನ ಇಕ್ಕಟ್ಟಾದ ಓಣಿಗೆ ತಳ್ಳಿದ್ದರು. ಅಲ್ಲಿ ಬೆಳಕೂ ಕಮ್ಮಿ. ಕುಂಬಾರಿಕೆ ಇತ್ತು, ಬುಟ್ಟಿ ಇತ್ತು, ಬೆಳ್ಳಿ ಕೆಲಸ ಇತ್ತು. ನನಗೆ ಆಮೇಲೂ ನೆನಪಿನಲ್ಲಿ ಉಳಿದದ್ದು ಮರದ ಬಟ್ಟಲು ಕಡೆಯುವ ಒಬ್ಬರು. ಅವರ ಬಟ್ಟಲುಗಳಲ್ಲಿ ಅರ್ಧ ದುಂಡಗಿದ್ದವು, ಅರ್ಧ ದುಂಡಗಿರಲಿಲ್ಲ. ದುಂಡಗಿರುವವನ್ನು ಹಸಿ ಮರದಲ್ಲಿ ದಪ್ಪಗೆ ಕಡೆದು, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಸೊಟ್ಟಗಾದ ಮೇಲೆ ಎರಡನೆಯ ಸಲ ಲೇತ್‌ಗೆ ಹಾಕಿ ತಿದ್ದಿದ್ದು. ಸೊಟ್ಟಗಿರುವವನ್ನು ಹಸಿಯಲ್ಲೇ ತೆಳ್ಳಗೆ ಕಡೆದು ಮುಗಿಸಿ ಬಿಟ್ಟದ್ದು, ಒಣಗುತ್ತ ಅವು ತಮಗೆ ಬೇಕಾದ ಹಾಗೆ ಮೊಟ್ಟೆಯಾಕಾರ ಆಗಿವೆ. ಎಳೆಯ ಅಡ್ಡಕ್ಕೆ ಕುಗ್ಗಿದೆ, ಉದ್ದಕ್ಕೆ ಇಲ್ಲ. ನಮ್ಮ ಮನೆಯ ಟೇಬಲ್ಲಿನ ಕಥೆಯೇ, ಆದರೆ ಇಲ್ಲಿ ಕಟ್ಟಿಹಾಕುವವರು ಯಾರೂ ಇರಲಿಲ್ಲ, ಹಾಗಾಗಿ ಬಿರುಕೂ ಇರಲಿಲ್ಲ. ಒಂದನ್ನು ಅಂಗೈ ಮೇಲಿಟ್ಟುಕೊಂಡೆ. ತೂಕ ಇಲ್ಲವೇ ಇಲ್ಲ. ಅಂಚು ಬೆಳಕಿಗೆ ಹಿಡಿದರೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿತ್ತು.

ಆಯೋಜನೆ ಬಗ್ಗೆ ನನ್ನ ತಕರಾರು ಇವು. ಒಂದು, ಧ್ವನಿವರ್ಧಕದಲ್ಲಿ ಇಡೀ ದಿನ ಹಾಡು. ಮಾಡುವವರ ಮಾತು ಕೇಳಬೇಕಾದರೆ ಕಿವಿ ಅವರ ಬಾಯಿಗೆ ಹಿಡಿಯಬೇಕು. ಪ್ರಾತ್ಯಕ್ಷಿಕೆಗಳ ವೇಳಾಪಟ್ಟಿ ಬಾಗಿಲಲ್ಲಿ ಇರಲಿಲ್ಲ, ಹಿಂದಿನ ಗೋಡೆಯಲ್ಲಿತ್ತು. ಒಬ್ಬರೇ ಬಂದ ಕುಶಲಕರ್ಮಿಗಳು ಮಳಿಗೆ ಬಿಟ್ಟು ಮೂತ್ರಕ್ಕೆ ಹೋಗಲೂ ಪಕ್ಕದವರನ್ನು ಬೇಡಬೇಕು, ನೋಡಿಕೊಳ್ಳಲು ಒಬ್ಬ ಸ್ವಯಂಸೇವಕನನ್ನೂ ಇಟ್ಟಿಲ್ಲ. ಮತ್ತೆ, ಕುರ್ಚಿಗಳ ಪ್ರದರ್ಶನದಲ್ಲಿ ಸುಸ್ತಾದವರಿಗೆ ಕೂರಲು ಇಟ್ಟಿದ್ದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ನನ್ನ ಕಾಲು ನೆಲ ಮುಟ್ಟಿತು ಅನ್ನುವುದನ್ನೂ ಹೇಳಿಬಿಡಬೇಕು.

ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ, ಮಾಡಿದವರೇ ಮಳಿಗೆಯಲ್ಲಿದ್ದರೆ ಮಾತ್ರ ನಿಲ್ಲಿ. ಟಾರ್ಚ್ ಒಯ್ಯಿರಿ. ಮುಂದಿನಿಂದ ನೋಡಿದರೆ ಎಲ್ಲವೂ ಚೆಂದ, ಅಡಿಯಿಂದ ಮತ್ತು ಬೆನ್ನಿನಿಂದ ನೋಡಿ. ಟೇಬಲ್ ಅಳತೆ, ಬಾಗಿಲ ಅಗಲ ಬರೆದುಕೊಂಡು ಹೋಗಿ. ಅಲ್ಲಿಂದ ಅಲ್ಲೇ ಹೊತ್ತುಕೊಂಡು ಬರುವಂಥದ್ದು ಕಮ್ಮಿ, ಒಳ್ಳೆಯವರ ಹತ್ತಿರ ಕಾಯಬೇಕು. ನನ್ನ ಹದಿನೈದೂವರೆ ಇಂಚಿನ ಕುರ್ಚಿಗೆ ಎಂಟು ತಿಂಗಳು ಹೇಳಿದ್ದಾರೆ. ಸೊಟ್ಟ ಬಟ್ಟಲು ಒಂದು ಮನೆಗೆ ಬಂದಿದೆ, ಸಮ ನೆಲದ ಮೇಲೂ ತುಸು ತೂಗಾಡುತ್ತದೆ.

ಭಾನುವಾರ ಸಂಜೆ ಹೊರಡುವಾಗ ರೆಸಿನ್ ನದಿಯ ಹುಡುಗನ ಮಳಿಗೆ ದಾಟಿ ಬಂದೆವು. ಅವನು ತನ್ನ ದೊಡ್ಡ ಟೇಬಲ್ ತಲೆಕೆಳಗು ಮಾಡಿಕೊಂಡು, ಕಾಲುಗಳು ಆಕಾಶ ನೋಡುತ್ತಿರುವಾಗ, ಸ್ಕ್ರೂ ಬಿಚ್ಚುತ್ತ ಕೂತಿದ್ದ. ಪಕ್ಕದಲ್ಲಿ ಮೂಗಿನ ತುದಿಯ ಕನ್ನಡಕದ ಹಿರಿಯರು ನಿಂತು ಪೆನ್ಸಿಲ್‌ನಲ್ಲಿ ಉದ್ದ ತೂತು ಗುರುತು ಹಾಕುತ್ತಿದ್ದರು. ಹುಡುಗ ನನ್ನನ್ನು ನೋಡಿ, “ನಿಮ್ಮಿಂದ ಒಂದು ದಿನ ಹಾಳಾಯ್ತು ಮೇಡಂ” ಅಂದ.

ಮನೆಗೆ ಬಂದು ಮಾರನೆಯ ದಿನ ನಮ್ಮ ಟೇಬಲ್ ಕೆಳಗೆ ಚಾಪೆ ಹಾಸಿದೆ. ಶುರು ಮಾಡುವ ಮೊದಲು ಅವರ ವಿಸಿಟಿಂಗ್ ಕಾರ್ಡನ್ನು ನಡುವೆ ಮಡಚಿ ಬಿರುಕಿನ ಬಾಯಿಗೆ ತೂರಿಸಿ ನೋಡಿದ್ದೆ, ಸಲೀಸಾಗಿ ಇಳಿದಿತ್ತು. ಮಗ ಟಾರ್ಚ್ ಹಿಡಿದ. ಒಟ್ಟು ಹದಿನಾಲ್ಕು ಸ್ಕ್ರೂ ಎಣಿಸಿದ, ನಡುವಿನ ಎರಡನ್ನು ಮುಟ್ಟಬೇಡ ಅಂತ ನನಗೇ ಎಚ್ಚರಿಕೆ ಹೇಳಿದ. ಅಂಚಿನ ಐದನೆಯ ಸ್ಕ್ರೂ ಸಡಿಲಿಸುವಾಗ ಹಲಗೆಯೊಳಗಿಂದ ಟಕ್ ಅಂತ ಸಣ್ಣ ಸದ್ದು ಬಂತು. ಇಬ್ಬರೂ ಸುಮ್ಮನಾದೆವು. ಎದ್ದು ಬಂದು ಮಡಚಿದ ಕಾರ್ಡನ್ನು ಮತ್ತೆ ಬಿರುಕಿಗೆ ಹಿಡಿದೆ. ಇಳಿಯಲಿಲ್ಲ. ಮಡಿಕೆ ಬಿಡಿಸಿ ಒಂದೇ ಪದರ ಮಾಡಿ ಹಿಡಿದೆ, ಇಳಿಯಿತು.